ಚೆಲುವಿಯ ಮೀಸೆ

ಮೊನ್ನೆ ಹಾಸನದಲ್ಲಿ ಮಗಳ ಮನೆಯ ವರಾಂಡದಲ್ಲಿ ಕೂತು ಪೇಪರು ನೋಡುತ್ತಿದ್ದೆ. ಶಾರದೆ ಒಳಗಿನಿಂದ ಬಂದು ನನ್ನ ಅಂಗೈಗೆ ಒಂದು ಹಳೆಯ ತಾಮ್ರದ ತಾಯಿತ ಹಾಕಿದಳು.

"ಅಪ್ಪ, ಇದರ ದಾರ ಲಡ್ಡಾಗಿಹೋಗಿದೆ. ಹೊಸ ಕರಿದಾರ ತಂದಿದೀನಿ, ಪೋಣಿಸಿಕೊಡು. ಮಗುಗೆ ಜ್ವರ ಇಳಿದರೂ ನಿದ್ದೇಲಿ ಬೆಚ್ಚಿ ಬೀಳೋದು ನಿಂತಿಲ್ಲ. ಡಾಕ್ಟರ ಔಷಧಿ ಅದರ ಪಾಡಿಗೆ ಅದು ನಡೀಲಿ, ಇದೂ ಒಂದು ಇರಲಿ. ನಾನು ಉಳಿದದ್ದೇ ಇದರಿಂದ ಅಂತ ಅಮ್ಮ ಸಾಯೋ ತನಕ ಹೇಳ್ತಿದ್ದಳಲ್ಲ."

ಹೇಳಿ ಒಳಗೆ ಹೋದಳು. ತಾಯಿತದ ಬಾಯಿಗೆ ಹಾಕಿದ್ದ ಅರಗು ಎಂದೋ ಉದುರಿತ್ತು. ಸ್ವಲ್ಪ ಓರೆ ಮಾಡಿದ್ದೇ ತಡ, ಒಳಗಿನಿಂದ ಒಂದು ಕೂದಲು ಜಾರಿ ಅಂಗೈ ಮೇಲೆ ಬಿತ್ತು. ಅರ್ಧ ಬೆರಳುದ್ದ, ಕಪ್ಪು. ಬುಡ ತಂತಿಯ ಹಾಗೆ ಗಡಸು, ತುದಿಗೆ ಹೋಗುತ್ತ ಹೋಗುತ್ತ ಮೆತ್ತಗೆ. ಕಿಲುಬು ಹಿಡಿದ ತಾಮ್ರದ ಒಗರು ವಾಸನೆ ಮೂಗಿಗೆ ಬಂತು. ಅದರ ಬೆನ್ನಿಗೇ ಹಸಿ ಹುಲ್ಲು, ಲದ್ದಿ, ಬೇವಿನೆಣ್ಣೆ ಎಲ್ಲ ಕಲೆತ ಇನ್ನೊಂದು ವಾಸನೆ ಬಂದ ಹಾಗಾಯಿತು. ಅದು ಹಾಸನದ್ದಲ್ಲ, ಅರಕಲಗೂಡಿನದು. ಒಂದು ಬೇಸಿಗೆಯದು.

ಆನೆ ಕೂದಲು ಅಂದರೆ ಜನ ಬಾಲದ್ದು ಅಂದುಕೊಳ್ಳುತ್ತಾರೆ. ಇದು ಬಾಲದ್ದಲ್ಲ. ಸೊಂಡಿಲಿನ ತುದಿಯದು. ಚೆಲುವಿಯದು.

ನಾನು ದನದ ಡಾಕ್ಟರು. ಓದು ಮುಗಿಸಿ ಮೊದಲು ಕೆಲಸಕ್ಕೆ ಸೇರಿದ್ದು ಅರಕಲಗೂಡಿನಲ್ಲಿ. ಐವತ್ತರ ದಶಕ ಮುಗಿದು ಅರವತ್ತು ಆಗತಾನೆ ಕಾಲಿಟ್ಟಿದ್ದ ಕಾಲ. ಆಸ್ಪತ್ರೆ ಅಂದರೆ ಹೆಂಚಿನ ಒಂದು ಕೋಣೆ, ಮುಂದೆ ದನಗಳನ್ನು ಸಿಗಿಸಿ ನಿಲ್ಲಿಸುವ ಮರದ ಚೌಕಟ್ಟು, ಪಕ್ಕದಲ್ಲಿ ಒಂದು ಬೇವಿನ ಮರ. ಸೈಕಲ್ಲಿನ ಹಿಂದೆ ಔಷಧಿ ಪೆಟ್ಟಿಗೆ ಬಿಗಿದುಕೊಂಡು, ಇವತ್ತು ರಾಮನಾಥಪುರದ ಕಡೆ, ನಾಳೆ ಇನ್ನೊಂದು ಕಡೆ ದನಗಳಿಗೆ ದೊಡ್ಡರೋಗದ ಸೂಜಿ ಚುಚ್ಚುತ್ತ ತಿರುಗುವುದು ನನ್ನ ಕೆಲಸ. ಮನೆಯಲ್ಲಿ ಹೆಂಡತಿ ಕಮಲ, ಮಗಳು ಶಾರದೆ. ಶಾರದೆಗೆ ಆಗ ಇನ್ನೂ ಎರಡು ತುಂಬಿರಲಿಲ್ಲ. ಅಂಗಳದ ಕೋಳಿಗೂ "ಆನೆ", ಪಕ್ಕದ ಮನೆಯ ಕರುವಿಗೂ "ಆನೆ", ನನ್ನ ಸೈಕಲ್ಲಿಗೂ "ಆನೆ". ಏಕೆಂದರೆ ಆ ವರ್ಷ ಸುಗ್ಗಿಯಲ್ಲಿ ಊರಿಗೆ ಆನೆ ಬಂದಿತ್ತು.

ಚನ್ನರಾಯಪಟ್ಟಣದ ಆಚೆ ಒಂದು ಸಣ್ಣ ಮಠ. ಅದರದೊಂದು ಹೆಣ್ಣಾನೆ, ಚೆಲುವಿ. ಸುಗ್ಗಿ ಶುರುವಾಯಿತೆಂದರೆ ಅದು ಹೊಳೆನರಸೀಪುರದ ಮೇಲೆ ಹಾದು ನಮ್ಮ ಕಡೆಗೆ ಬರುವುದು ವಾಡಿಕೆ. ಕಣದಿಂದ ಕಣಕ್ಕೆ ಹೋಗಿ ನಿಲ್ಲುತ್ತಿತ್ತು. ರೈತರು ಮೊರದ ತುಂಬ ಭತ್ತವನ್ನೋ ರಾಗಿಯನ್ನೋ ತಂದು ಚೀಲಕ್ಕೆ ಸುರಿಯುತ್ತಿದ್ದರು. ಮಳೆಗಾಲ ಹಿಡಿಯುವ ಹೊತ್ತಿಗೆ ವಾಪಸು ಹೊರಡುತ್ತಿತ್ತು. ಅದರ ಮಾವುತ ಮಾದಪ್ಪ ಗಿಡ್ಡ ಆಳು. ಕಿವಿಯಲ್ಲಿ ಒಂಟಿ, ತಲೆಗೆ ಕೆಂಪು ವಸ್ತ್ರ, ಬಾಯಿ ತುಂಬ ಮಾತು. ಕೆರೆ ಏರಿಯ ಕೆಳಗಿನ ಮಾವಿನ ತೋಪಿನಲ್ಲಿ ಇಬ್ಬರ ಬಿಡಾರ.

ಒಂದು ಬೆಳಿಗ್ಗೆ ಆಸ್ಪತ್ರೆಯ ಮುಂದೆ ಬೆಳಕೇ ಕಡಮೆಯಾದಂತಾಯಿತು. ತಲೆಯೆತ್ತಿದರೆ ಚೆಲುವಿ.

"ಇವ್ಳ ಕಣ್ಗೇನಾರ ಡ್ರಾಪ್ಸ್ ಬುಡಿ ಸಾ," ಅಂದ ಮಾದಪ್ಪ. "ಓದೊರ್ಸ ಮಂಜ್ ಮಂಜಾಗಿತ್ತು. ಈಗ ಪೂರಾ ಹಾಲು."

ಮರದ ಚೌಕಟ್ಟಿನ ಮೇಲೆ ಹತ್ತಿ ನೋಡಿದೆ. ಎರಡು ಕಣ್ಣಿಗೂ ಪೊರೆ. ಕೈಯಾಡಿಸಿದರೆ ರೆಪ್ಪೆ ಮಿಟುಕಲಿಲ್ಲ.

"ಇದನ್ನ ತೆಗೆಯೋ ವಿದ್ಯೆ ನನಗಿರಲಿ, ನನಗೆ ಕಲಿಸಿದೋರಿಗೂ ಇಲ್ಲ ಮಾದಪ್ಪ. ಇವಳಿಗೆ ಕಣ್ಣು ಹೋಗಿದೆ."

"ಸುಳ್ಳ್ ಯೋಳ್ಬೇಡಿ ಸಾ!" ಅಂತ ನಕ್ಕ. "ಕುಲ್ಡಿ ಆದೋಳು ಚನ್ನರಾಯಪಟ್ಣದಿಂದ ಎಡವ್ದೆ ಬಂದ್ಬುಟ್ಲಾ? ನೋಡಿ ಇಲ್ಲಿ."

ಸೊಂಟದ ಗಂಟಿನಿಂದ ಒಂದು ಹಿಡಿ ಹುರಿಗಡಲೆ ತೆಗೆದು ಧೂಳಿಗೆ ಚೆಲ್ಲಿದ. ಚೆಲುವಿ ಸೊಂಡಿಲು ಇಳಿಸಿದಳು. ತುದಿ ನೆಲಕ್ಕೆ ಮುಟ್ಟಲಿಲ್ಲ. ಅದಕ್ಕೂ ಮೊದಲು ತುದಿಯ ಸುತ್ತಲಿನ ಕೂದಲು ಮುಟ್ಟಿತು. ಕತ್ತಲಲ್ಲಿ ಬೆಂಕಿಪೊಟ್ಟಣ ಹುಡುಕುವ ನಮ್ಮ ಬೆರಳಿಗಿಂತ ನಯವಾಗಿ ಆ ಕೂದಲು ನೆಲವನ್ನು ಸವರಿತು. ಆಮೇಲೆ ಒಂದೊಂದೇ ಕಾಳು ಬಾಯಿಗೆ ಹೋಯಿತು. ಕಲ್ಲು ಒಂದೂ ಹೋಗಲಿಲ್ಲ.

ಓದಿದ್ದು ಕಣ್ಣೆದುರಿಗೇ ನಡೆಯುವುದು ನಮ್ಮ ಕಸುಬಿನಲ್ಲಿ ಅಪರೂಪ. ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಬೆಕ್ಕಿನ ಮೀಸೆಯ ಬುಡ ಸೀಳಿ ತೋರಿಸಿದ್ದರು. ಸಾಧಾರಣ ಕೂದಲು ಚರ್ಮದಲ್ಲಿ ಮೇಲುಮೇಲೆ ಕೂತಿರುತ್ತದೆ. ಮೀಸೆ ಹಾಗಲ್ಲ. ಅದರ ಬುಡ ಆಳಕ್ಕೆ ಇಳಿದಿರುತ್ತದೆ, ಸುತ್ತ ರಕ್ತ ತುಂಬಿದ ಪುಟ್ಟ ಚೀಲ, ಆ ಚೀಲದ ಗೋಡೆಗೆ ನರದ ಎಳೆಗಳು ಬಂದು ಹೆಣೆದುಕೊಂಡಿರುತ್ತವೆ. ಕೂದಲಿಗೇ ಅರಿವಿಲ್ಲ. ತುದಿಗೆ ಏನಾದರೂ ತಾಕಿದರೆ ಬುಡ ಅಲುಗುತ್ತದೆ, ಬುಡ ಅಲುಗಿದ್ದು ನರಕ್ಕೆ ತಿಳಿಯುತ್ತದೆ. ಎಳೆಗಳೆಲ್ಲ ಕೂಡಿಕೊಂಡು ಒಂದು ದೊಡ್ಡ ನರವಾಗಿ, ಕಣ್ಣಿನ ಕೆಳಗೆ ಮೂಳೆಯಲ್ಲಿರುವ ತೂತಿನಿಂದ ಒಳಗೆ ಹೋಗಿ, ಮಿದುಳಿನ ಐದನೆಯ ನರವನ್ನು ಸೇರುತ್ತವೆ. ಬೆಕ್ಕಾದರೆ ಮೀಸೆಯನ್ನು ಹಿಂದೆ ಮುಂದೆ ಆಡಿಸುತ್ತದೆ. ಆನೆಯದು ತಾನಾಗಿ ಆಡುವುದಿಲ್ಲ. ಆಡಿಸುವುದಕ್ಕೆ ಅಷ್ಟುದ್ದದ ಸೊಂಡಿಲೇ ಇದೆಯಲ್ಲ.

ಒಂದು ಹುಲ್ಲಿನ ಎಸಳು ತಗೊಂಡು, ಹಿಂದಿನಿಂದ ಸದ್ದಿಲ್ಲದೆ ಹೋಗಿ, ಸೊಂಡಿಲ ತುದಿಯ ಒಂದೇ ಕೂದಲನ್ನು ಸೋಕಿದೆ. ಚರ್ಮ ಮುಟ್ಟಲಿಲ್ಲ. ಚೆಲುವಿ ಸರಕ್ಕನೆ ತಿರುಗಿ ನನ್ನ ಕೈಯಿಂದ ಎಸಳು ಕಸಿದು ತಿಂದುಬಿಟ್ಟಳು.

"ನೋಡಿದ್ಯಾ? ಇವಳ ಕಣ್ಣು ಇಲ್ಲಿದೆ," ಅಂದೆ. "ಇದು ಮೀಸೆ ಮಾದಪ್ಪ."

"ಎಣ್ಣಾನೆಗೆ ಮೀಸೆ ಅಂತ ಯಾರ್ಗೂ ಯೋಳ್ಬೇಡಿ ಸಾ, ಗಂಡು ಸಿಕ್ಕಾಕಿಲ್ಲ!"

ಬಲಗಡೆಯ ಮೀಸೆ ಮೋಟಾಗಿತ್ತು, ಎಡಗಡೆಯದು ಉದ್ದ. ರೋಗವೋ ಏನೋ ಅಂತ ಮೊದಲು ಗಾಬರಿಯಾಯಿತು. ಆಮೇಲೆ ಅವಳು ಹುಲ್ಲು ಬಾಚಿಕೊಳ್ಳುವುದನ್ನು ನೋಡಿದೆ: ಯಾವಾಗಲೂ ಸೊಂಡಿಲನ್ನು ಬಲಕ್ಕೇ ಹೊರಳಿಸಿ ನೆಲಕ್ಕೆ ಉಜ್ಜುತ್ತಿದ್ದಳು. ಸವೆದದ್ದು ಅಷ್ಟೆ, ನಮ್ಮ ಬಲಗಾಲಿನ ಚಪ್ಪಲಿ ಸವೆದ ಹಾಗೆ.

ಅವತ್ತಿನಿಂದ ತೋಪಿಗೆ ಹೋಗುವುದು ನನಗೊಂದು ಚಟವಾಯಿತು. ಶಾರದೆಯನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಹೋಗುತ್ತಿದ್ದೆ. ಚೆಲುವಿ ಮಗುವಿನ ಕೆನ್ನೆಯನ್ನು ಮೀಸೆಯಲ್ಲಿ ಸವರುತ್ತಿದ್ದಳು. ಮಗು ಕಿಲಕಿಲ ನಗುತ್ತಿತ್ತು. ದಾರಿಯಲ್ಲಿ ಮೋರಿ ಬಂದರೆ ಚೆಲುವಿ ನಿಂತು, ಸೊಂಡಿಲಿನಿಂದ ಅದರ ಅಂಚನ್ನೆಲ್ಲ ಸವರಿ, ಗಟ್ಟಿಯೋ ಪೊಳ್ಳೋ ತಿಳಿದುಕೊಂಡೇ ಹೆಜ್ಜೆಯಿಡುತ್ತಿದ್ದಳು. ಕಣ್ಣಿಲ್ಲದವಳು ಅಂತ ಊರಿನಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ. ಹೇಳಿದರೂ ನಂಬುತ್ತಿರಲಿಲ್ಲ.

ಬಿಸಿಲು ಏರಿದಾಗ ಮಕ್ಕಳಿಗೆ ದಡಾರ ಶುರುವಾಯಿತು. ಮನೆ ಮನೆಯ ಬಾಗಿಲಿಗೂ ಬೇವಿನ ಸೊಪ್ಪು. ಜ್ವರ ಇಳಿದ ಮಕ್ಕಳು ನಿದ್ದೆಯಲ್ಲಿ ಬೆಚ್ಚಿ ಬೀಳುತ್ತಿದ್ದವು, ಕೆಲವಕ್ಕೆ ಸೆಳೆತ. ಬೆಚ್ಚಿಗೆ ಆನೆಯ ಕೂದಲು ನಮ್ಮ ಕಡೆ ಹಳೆಯ ಮದ್ದು. ಕೂದಲನ್ನು ಉಂಗುರ ಮಾಡಿ ಮಗುವಿನ ಕೈಗೆ ಹಾಕುತ್ತಾರೆ. ನನ್ನ ಕೈಗೂ ಚಿಕ್ಕಂದಿನಲ್ಲಿ ನಮ್ಮಜ್ಜಿ ಹಾಕಿದ್ದರಂತೆ. ಹಾಗಾಗಿ ತಾಯಂದಿರು ತೋಪಿಗೆ ಬರತೊಡಗಿದರು. ಮಾದಪ್ಪ ಯಾರಿಂದಲೂ ಏನನ್ನೂ ಇಸಕೊಳ್ಳಲಿಲ್ಲ. ಸ್ವಲ್ಪ ದಿನಕ್ಕೇ ಚೆಲುವಿಯ ಬಾಲ ಒಣಗಿದ ಬಳ್ಳಿಯ ಹಾಗೆ ಬೋಳಾಯಿತು.

ಆದರೂ ಬರುವವರು ನಿಲ್ಲಲಿಲ್ಲ. ನಾನು ಅಲ್ಲಿದ್ದಾಗಲೇ ಬಂದವಳು ಹೊನ್ನಮ್ಮ. ಹೊಳೆನರಸೀಪುರದ ರಸ್ತೆಯಲ್ಲಿ, ಹಳ್ಳದ ಪಕ್ಕದ ಊರಿನವಳು. ಸೊಂಟದಲ್ಲಿ ಮಗ. ಮಗುವಿನ ಕಣ್ಣು ಅರೆತೆರೆದಿತ್ತು, ತುಟಿ ಒಡೆದಿತ್ತು.

"ಬಾಲ್ದಾಗೆ ಒಂದೂ ಉಳ್ದಿಲ್ಲ ಕಣವ್ವಾ," ಅಂದ ಮಾದಪ್ಪ.

"ಸೊಂಡ್ಲಲ್ಲಿ ಐತಲ್ಲಣ್ಣ! ಗಣಪ್ಪನ ಸೊಂಡ್ಲು ಅಲ್ವಾ, ಬಾಲಕ್ಕಿಂತ ಒಂದ್ ಕೈ ಮೇಲೇಯ. ಉಂಗ್ರ ಆಗ್ದಿದ್ರೆ ತಾಯ್ತಕ್ಕೆ ಆಕ್ತೀನಿ."

ಮಾದಪ್ಪ ನನ್ನ ಮುಖ ನೋಡಿದ. ನಾನು ಹೊನ್ನಮ್ಮನಿಗೆ ಹೇಳಿದೆ: "ಅದು ಬರಿ ಕೂದಲಲ್ಲಮ್ಮ. ಇವಳಿಗೆ ಕಣ್ಣಿಲ್ಲ. ಅದೇ ಇವಳ ಕಣ್ಣು. ಬೇಕಾದರೆ ಕತ್ತರಿಯಲ್ಲಿ ತುದಿ ಕತ್ತರಿಸಿ ಕೊಡ್ತೀನಿ, ಮತ್ತೆ ಬೆಳೆಯುತ್ತೆ."

"ಕತ್ತರ್ಸಿದ್ದು ಸತ್ತ ಕೂದ್ಲು ಸಾ. ಅದ್ರಿಂದ ಏನಾಯ್ತದೆ? ಬೇರಿರ್ಬೇಕು. ಬೇರ್ನಾಗಲ್ವಾ ಜೀವ ಇರೋದು."

ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಬರೆದದ್ದೂ ಅದೇ. ತುದಿಯಲ್ಲಿ ಏನೂ ಇಲ್ಲ, ಎಲ್ಲ ಬುಡದಲ್ಲಿ. ನನ್ನ ಮಾತಿಗೆ ಅವಳು ಎದುರಾಡಿದ್ದರೆ ವಾದಿಸಬಹುದಿತ್ತು. ಅವಳಿಗೂ ಬುಡವೇ ಬೇಕಿತ್ತು, ಚೆಲುವಿಗೂ ಬುಡವೇ ಬೇಕಿತ್ತು.

"ಜನರ ಡಾಕ್ಟ್ರ ಹತ್ರ ತೋರಿಸಮ್ಮ," ಅಂದೆ.

"ತೋರ್ಸಿವ್ನಿ. ಅವ್ರೂ ಕೈ ಮೇಕೆತ್ತಿ ದೇವ್ರಿದಾನೆ ಅಂದ್ರು." ಜಾರುತ್ತಿದ್ದ ಮಗುವನ್ನು ಸೊಂಟಕ್ಕೆ ಎಳೆದುಕೊಂಡಳು. "ನೀವು ಎತ್ತು ಎಮ್ಮೆ ನೋಡೋರು. ಎತ್ತೋರ ಸಂಕ್ಟ ನಿಮ್ಗೆಂಗ್ ಗೊತ್ತಾಯ್ತದೆ? ಆ ಮೂದೇವಿ ಆನೆಗೆ ಮೈ ತುಂಬ ಕೂದ್ಲವೆ. ನಂಗಿರೋನು ಇವ್ನೊಬ್ನೇ."

ನಾನು ಪಕ್ಕಕ್ಕೆ ಸರಿದು ನಿಂತೆ.

ಮಾದಪ್ಪ ಚೆಲುವಿಯ ಸೊಂಡಿಲನ್ನು ತೊಡೆಯ ಮೇಲೆಳೆದುಕೊಂಡು, "ಒಂದೇ ಒಂದು ಕಣೇ ಮಗಾ, ಒಂದೇ ಒಂದು," ಅನ್ನುತ್ತ ಎಳೆದ. ಚೆಲುವಿಯ ಸೊಂಡಿಲು ಸುರುಳಿ ಸುತ್ತಿಕೊಂಡು ಹಣೆಯವರೆಗೆ ಹೋಯಿತು, ಹೊಟ್ಟೆಯಿಂದ ಗುಡುಗಿನಂಥ ಸದ್ದು ಬಂತು. ಎಲ್ಲರೂ ಹಿಂದೆ ಸರಿದೆವು. ಅವಳು ಯಾರನ್ನೂ ಏನೂ ಮಾಡಲಿಲ್ಲ. ತುಸು ಹೊತ್ತಿನ ಮೇಲೆ ಸೊಂಡಿಲು ಮೆಲ್ಲಗೆ ಇಳಿದು ಬಂದು, ಎಳೆದವನ ಹೆಗಲ ಮೇಲೆಯೇ ಕೂತಿತು.

ಹೊನ್ನಮ್ಮನ ನಂತರ ಬಂದವರೆಲ್ಲ "ಒಂದೇ ತಾನೇ" ಅಂದರು. ಎಲ್ಲರದೂ ಒಂದೇ. ನಾನು ಸಂಜೆ ಹೊತ್ತು ತೋಪಿನಲ್ಲಿ ನಿಂತು ಹೇಳಿ ನೋಡಿದೆ, ಬೈದು ನೋಡಿದೆ. ಕೆಲವರು ಕೇಳಿ ಹಿಂದಕ್ಕೆ ಹೋದರು, ನಾನಿಲ್ಲದಾಗ ಬಂದರು. ಮಾದಪ್ಪನಿಗೂ ಅಂದೆ. ಅವನು, "ಕೂಸು ಎತ್ಕೊಂಡ್ ಬಂದು ಕಣ್ಣೀರಾಕಿದ್ರೆ ಇಲ್ಲ ಅನ್ನಕ್ಕೆ ನಂಗೆ ಬಾಯೇ ಬರಾಕಿಲ್ಲ ಸಾ. ನೀವೇ ಒಂದಪ ಅಂದ್ ನೋಡಿ," ಅಂದ. ಆದರೂ ಅಷ್ಟಿಷ್ಟು ತಡೆ ಇತ್ತು. ಡಾಕ್ಟರು ಬೇಡ ಅಂತಾರೆ ಅನ್ನುವುದೊಂದು ಬೇಲಿಯ ಹಾಗೆ ನಿಂತಿತ್ತು. ಮೀಸೆ ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು.

ಆ ಹೊತ್ತಿಗೆ ನಮ್ಮ ಶಾರದೆಗೆ ದಡಾರ ಎದ್ದಿತು.

ಒಂದು ದಿನ ರಾಮನಾಥಪುರದ ಹತ್ತಿರ ಎತ್ತುಗಳಿಗೆ ದೊಡ್ಡರೋಗ ಅಂತ ಹೇಳಿಕಳಿಸಿದ್ದರು. ಮಗುವಿನ ಜ್ವರ ಸ್ವಲ್ಪ ಇಳಿದಿತ್ತು, ಹೋದೆ. ಸಂಜೆ ವಾಪಸು ಬಂದಾಗ ಕಮಲ ಬಾಗಿಲ ಬಳಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ಮಗುವಿನ ಕತ್ತಿನಲ್ಲಿ ಕರಿದಾರ, ದಾರದಲ್ಲಿ ತಾಮ್ರದ ತಾಯಿತ.

"ಏನೂ ಅನ್ನಬೇಡಿ," ಅಂದಳು, ನನ್ನ ಮುಖ ನೋಡದೆ. "ನೀವು ಹೇಳಿದ್ದೆಲ್ಲ ನನಗೆ ನೆನಪಿದೆ. ನರ, ಬುಡ, ಎಲ್ಲ. ಮಗು ಕಣ್ಣು ಮೇಲೆ ಮಾಡಿ ಸೆಟೆದುಕೊಂಡಾಗ ಮನೇಲಿ ನಾನೊಬ್ಬಳೇ ಇದ್ದೆ. ಎತ್ತಿಕೊಂಡು ಓಡಿದೆ. ಕಾಲು ಎಲ್ಲಿಗೆ ಹೋಯಿತೋ ಅಲ್ಲಿಗೆ ಹೋದೆ."

ಕಾಲು ತೋಪಿಗೆ ಹೋಗಿತ್ತು. ಮಾದಪ್ಪ ಏನೂ ಕೇಳದೆ ಕಿತ್ತು ಕೊಟ್ಟಿದ್ದ.

ಮಗುವಿನ ಹಣೆ ಮುಟ್ಟಿದೆ, ಕಾದ ಹೆಂಚು. ತಾಯಿತ ಬಿಚ್ಚಲು ಕೈ ಹೋಗಲಿಲ್ಲ. ಹೋಗಿದ್ದರೂ ಬಿಚ್ಚಿ ಏನು ಮಾಡುತ್ತಿದ್ದೆ? ಬೆಳಗಾಗುತ್ತಲೇ ಮೊದಲ ಬಸ್ಸಿಗೆ ಹಾಸನಕ್ಕೆ ಹೋದೆವು. ಆಸ್ಪತ್ರೆಯಲ್ಲಿ ಸೂಜಿ ಹಾಕಿದರು, ಹನಿ ಹನಿಯಾಗಿ ಗ್ಲೂಕೋಸ್ ಕೊಟ್ಟರು. ಮಗು ಮಂಕಾಗಿ ಮಲಗಿತ್ತು. ಮಂಚದ ಪಕ್ಕದಲ್ಲಿ ಕೂತು, ಯಾವುದಾದರೂ ಒಂದು ಕೆಲಸ ಮಾಡಲಿ, ಔಷಧಿಯಾದರೂ ಸರಿ, ತಾಯಿತವಾದರೂ ಸರಿ, ಅಂದುಕೊಂಡೆ. ಹೊನ್ನಮ್ಮನ ಮುಖ ನೆನಪಾಯಿತು. ಕೊನೆಗೊಂದು ಬೆಳಿಗ್ಗೆ ಶಾರದೆ ಕಣ್ಣು ಬಿಟ್ಟು, ವಾರ್ಡಿನ ಆಯಾಳನ್ನು ನೋಡಿ "ಆನೆ" ಅಂದಳು. ಆಯಾ ತುಸು ದಪ್ಪಗಿದ್ದಳು. ಕಮಲ ನಗುತ್ತ ನಗುತ್ತ ಅತ್ತುಬಿಟ್ಟಳು.

ಅರಕಲಗೂಡಿನಲ್ಲಿ ಬಸ್ಸಿಳಿದಾಗ ಹೋಟೆಲಿನವನು ಗಲ್ಲಾ ಬಿಟ್ಟು ಎದ್ದು ಬಂದ. "ಮಗಾ ಉಸಾರಾಯ್ತಂತಲ್ಲ ಸಾ! ಆಗ್ದೆ ಇರ್ತದಾ? ಡಾಕ್ಟ್ರ ಮನೇವ್ರೇ ಚೆಲುವಿ ಸೊಂಡ್ಲಿನ್ ಕೂದ್ಲು ಕಟ್ಟವ್ರೆ ಅಂದ್ಮ್ಯಾಕೆ!" ಅಂದ. ದಾರಿಯುದ್ದಕ್ಕೂ ಇದೇ ಮಾತು. ಇಂಗ್ಲಿಷ್ ಔಷಧಿ ಓದಿದವರೇ ಕಟ್ಟಿದ್ದಾರೆ. ಬೇಡ ಬೇಡ ಅಂತಿದ್ದವರೇ ಕಟ್ಟಿದ್ದಾರೆ. ನೋಡಿ, ಮಗು ನಗುತ್ತಾ ಬಂತು.

ಸೈಕಲ್ಲು ಹತ್ತಿ ನೇರ ತೋಪಿಗೆ ಹೋದೆ. ಚೆಲುವಿ ನಿಂತಿದ್ದಳು. ಸೊಂಡಿಲ ತುದಿ, ಕೆಳಭಾಗ, ಎರಡೂ ಪಕ್ಕ, ಕೈಗೆ ಎಟಕುವಷ್ಟು ಎತ್ತರದವರೆಗೂ ಒಂದು ಮೀಸೆ ಇರಲಿಲ್ಲ. ಕೂದಲಿದ್ದ ಕಡೆಯಲ್ಲೆಲ್ಲ ಸೂಜಿ ಚುಚ್ಚಿದಂಥ ಗುಳಿಗಳು, ಕೆಲವುಗಳಲ್ಲಿ ಒಣಗಿದ ರಕ್ತದ ಚುಕ್ಕೆ.

ಮಾದಪ್ಪ ನನ್ನನ್ನು ನೋಡಿ ತಲೆಯ ವಸ್ತ್ರ ತೆಗೆದು ಮುಖ ಒರೆಸಿಕೊಂಡ.

"ನಿಮ್ ಮಗಾ ಎಂಗದೆ ಸಾ?" ಅಂದ.

"ಚೆನ್ನಾಗಿದೆ."

"ಅಷ್ಟ್ ಸಾಕು." ವಸ್ತ್ರವನ್ನು ಮತ್ತೆ ತಲೆಗೆ ಸುತ್ತಿಕೊಳ್ಳುತ್ತ ಅಂದ, "ನಿಮ್ಗೇ ಕೊಟ್ಮ್ಯಾಕೆ ಇನ್ಯಾರ್ಗೆ ಇಲ್ಲ ಅನ್ನನ? ನೀವೇ ಯೋಳಿ."

ಹುರಿಗಡಲೆ ಚೆಲ್ಲಿದ. ಚೆಲುವಿ ಸೊಂಡಿಲು ಇಳಿಸಿದಳು. ತುದಿ ಧಪ್ಪನೆ ನೆಲಕ್ಕೆ ಬಡಿಯಿತು; ನೆಲ ಎಲ್ಲಿದೆ ಅನ್ನುವುದೇ ಗೊತ್ತಾಗಿರಲಿಲ್ಲ. ಅತ್ತ ಒತ್ತಿದಳು, ಇತ್ತ ಒತ್ತಿದಳು, ಊದಿದಳು. ಕಾಳು ಹಾರಿಹೋಯಿತು. ಮಣ್ಣು, ಕಲ್ಲು ಎಲ್ಲ ಬಾಯಿಗೆ ಹೋಗಿ ಮತ್ತೆ ಆಚೆಗೆ ಬಂತು. ಇನ್ನೊಂದು ಸಲ ಇಳಿಸಿದಳು. ಆಮೇಲೆ ಸೊಂಡಿಲನ್ನು ಬಾಯೊಳಗೆ ಮಡಿಸಿಟ್ಟುಕೊಂಡು, ಮಳೆಯಲ್ಲಿ ನೆನೆದ ಎಮ್ಮೆಯ ಹಾಗೆ ಸುಮ್ಮನೆ ನಿಂತುಬಿಟ್ಟಳು. ಮಾದಪ್ಪ ಕುಕ್ಕರುಗಾಲಲ್ಲಿ ಕೂತು, ಕಾಳುಗಳನ್ನು ಒಂದೊಂದಾಗಿ ಆರಿಸಿ ಅವಳ ಬಾಯಿಗೆ ಹಾಕತೊಡಗಿದ. ನಾನೂ ಕೂತು ಆರಿಸಿದೆ. ಅದೊಂದೇ ನಾನು ಮಾಡಬಹುದಾಗಿದ್ದ ವೈದ್ಯ.

ಹುಲ್ಲಿನ ಹೊರೆ, ತೆಂಗಿನ ಗರಿ, ದಪ್ಪ ವಸ್ತುಗಳೆಲ್ಲ ಅವಳಿಗೆ ಸಿಗುತ್ತಿದ್ದವು. ಚರ್ಮಕ್ಕೆ ಸ್ಪರ್ಶ ಇತ್ತು. ಆದರೆ ಯಾವುದೂ ತಾಕುವವರೆಗೆ ತಿಳಿಯುತ್ತಿರಲಿಲ್ಲ, ತಿಳಿಯುವಷ್ಟರಲ್ಲಿ ಬಡಿದಿರುತ್ತಿತ್ತು. ಸೊಂಡಿಲ ತುದಿ ಹುಣ್ಣಾಯಿತು. ಬೇವಿನೆಣ್ಣೆ ಹಚ್ಚಿದೆ, ಮುಲಾಮು ಹಚ್ಚಿದೆ. ದಿನಾ ಬೆಳಿಗ್ಗೆ ಭೂತಗನ್ನಡಿ ಹಿಡಿದು ಗುಳಿಗಳನ್ನು ನೋಡುತ್ತಿದ್ದೆ, ಒಂದಾದರೂ ಮೊಳಕೆ ಬಂದಿದೆಯೇ ಅಂತ. "ಬಂತಾ ಸಾ?" ಅನ್ನುತ್ತಿದ್ದ ಮಾದಪ್ಪ. "ಬರುತ್ತೆ, ಇರು," ಅನ್ನುತ್ತಿದ್ದೆ. ನನಗೆ ಗೊತ್ತಿರಲಿಲ್ಲ. ನನ್ನ ಪುಸ್ತಕಗಳಲ್ಲಿ ಎತ್ತಿತ್ತು, ಕುದುರೆಯಿತ್ತು, ಬೆಕ್ಕಿತ್ತು. ಆನೆಗೆ ಕಿತ್ತ ಮೀಸೆ ಮತ್ತೆ ಬರುತ್ತದೋ ಇಲ್ಲವೋ ಅಂತ ಬರೆದವರೇ ಇರಲಿಲ್ಲ.

ಮುಂಗಾರು ಹನಿಯತೊಡಗಿತು. ಆನೆಯನ್ನು ಕರೆತರಬೇಕೆಂದು ಮಠದಿಂದ ಹೇಳಿಕೆ ಬಂತು. ಒಂದು ಮೋಡದ ಬೆಳಿಗ್ಗೆ ಇಬ್ಬರೂ ಹೊರಟರು. ನಾನು ಹೊನ್ನಮ್ಮನ ಊರಿನ ಹಳ್ಳದವರೆಗೆ ಸೈಕಲ್ಲು ತಳ್ಳಿಕೊಂಡು ಜೊತೆಗೆ ನಡೆದೆ. ಪ್ರತಿ ವರ್ಷ ಆ ಹಳ್ಳವನ್ನು ಚೆಲುವಿ ತಾನೇ ದಾರಿ ಹುಡುಕಿ ದಾಟುತ್ತಿದ್ದಳಂತೆ. ಈ ಸಲ ದಡದಲ್ಲಿ ನಿಂತಳು. ಸೊಂಡಿಲಿನಿಂದ ನೆಲ ಮುಟ್ಟಿದಳು, ನೀರು ಮುಟ್ಟಿದಳು, ಮತ್ತೆ ನೆಲ ಮುಟ್ಟಿದಳು. ಏನೂ ತಿಳಿಯಲಿಲ್ಲ. ಮುಂಗಾಲು ಎತ್ತಿ, ಗಾಳಿಯಲ್ಲೇ ಹಿಡಿದು, ಹಿಂದಕ್ಕಿಟ್ಟಳು. ಹೊತ್ತು ನೆತ್ತಿಗೆ ಬಂತು. ಮಾದಪ್ಪ ರಮಿಸಿದ, ಗದರಿದ. ಊರಿನವರು ಸೇರಿದರು. ಒಬ್ಬ ಬೆಂಕಿ ತೋರಿಸಿ ಅಂದ, ಒಬ್ಬ ತಮಟೆ ತರಿಸಿ ಅಂದ.

ಗುಂಪಿನ ಹಿಂದಿನಿಂದ ಹೊನ್ನಮ್ಮ ಬಂದಳು. ಸೊಂಟದಲ್ಲಿ ಮಗು ಇರಲಿಲ್ಲ. ಕೇಳಬೇಕಾದ್ದಿರಲಿಲ್ಲ, ಅವಳ ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ನನ್ನ ಮುಂದೆ ನಿಂತು ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ಒಂದು ಕೂದಲು.

"ಸಾ," ಅಂದಳು, ತಗ್ಗಿದ ದನಿಯಲ್ಲಿ. "ಬೇರು ಅಂಗೇ ಐತೆ, ನೋಡಿ. ಒಣಗ್ದಂಗೆ ಎಣ್ಣೆ ಅರಿವೇಲಿ ಸುತ್ತಿ ಮಡಗಿದ್ದೆ. ತಿರ್ಗಾ ನೆಡಕ್ಕಾಗಾಕಿಲ್ವಾ?"

ಭತ್ತದ ಪೈರು, ರಾಗಿ ಪೈರು ಕಿತ್ತು ಬೇರೆ ಕಡೆ ನೆಟ್ಟು ಬದುಕಿಸುವ ಕೈ ಅದು. ಕಿತ್ತದ್ದು ಬೇರಿದ್ದರೆ ಮತ್ತೆ ಹಿಡಿಯುತ್ತದೆ ಅನ್ನುವುದು ಅವಳು ಹುಟ್ಟಿದಾಗಿನಿಂದ ಕಂಡ ಸತ್ಯ. ಯಾರೂ ನಗಲಿಲ್ಲ.

"ಆಗಲ್ಲಮ್ಮ," ಅಂದೆ.

"ಒಂದಪ ನೋಡಿ ಸಾ. ನಂಗಂತೂ ಆಗ್ಲಿಲ್ಲ. ಅವ್ಳಿಗಾರ ಆಗ್ಲಿ."

ನಾನು ಕೂದಲನ್ನು ಈಸಿಕೊಂಡೆ. ಬೇರೆ ಏನು ಮಾಡಲಿ? ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ನೋಡುತ್ತೇನೆ ಅನ್ನುವ ಹಾಗೆ ತಲೆಯಾಡಿಸಿದೆ. ಅವಳು ಚೆಲುವಿಯ ಹತ್ತಿರ ಹೋಗಿ, ಹುಣ್ಣಾದ ಸೊಂಡಿಲ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು. ಚೆಲುವಿ ಅವಳ ಮುಖದ ಮೇಲೆ ಉಸಿರು ಬಿಟ್ಟಳು.

ಆಗ ಮಾದಪ್ಪ ಅಂಗಿ ಬಿಚ್ಚಿದ. "ಬಟ್ಟೆ ಅಡ್ಡ ಬರ್ತದೆ ಸಾ. ನನ್ ಚರ್ಮ ಇವ್ಳಿಗೆ ಗೊತ್ತು," ಅಂದ. ಸೊಂಡಿಲನ್ನು ತನ್ನ ಬರಿ ಬೆನ್ನಿನ ಮೇಲೆ ಎಳೆದುಕೊಂಡು, ಬೆನ್ನು ಬಗ್ಗಿಸಿ, ಕಾಲಿನಿಂದ ತಳ ತಡಕುತ್ತ ನೀರಿಗಿಳಿದ. ಅವನ ಬೆನ್ನು ತಗ್ಗಿದರೆ ಅವಳಿಗೆ ತಗ್ಗು, ಎದ್ದರೆ ದಿಬ್ಬ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಆಚೆ ದಡ ಸೇರಿದ ಮೇಲೂ ಸೊಂಡಿಲನ್ನು ಬೆನ್ನಿನಿಂದ ಇಳಿಸಲಿಲ್ಲ. ಹಾಗೆಯೇ ಇಬ್ಬರೂ ಹೊಳೆನರಸೀಪುರದ ದಾರಿ ಹಿಡಿದರು.

ಚನ್ನರಾಯಪಟ್ಟಣ ಅವರಿಗೆ ಸಿಗಲೇ ಇಲ್ಲ. ಹೊಳೆನರಸೀಪುರದಲ್ಲಿ ಹೇಮಾವತಿಯ ದಡದ ಕೆಸರಿನಲ್ಲಿ ಚೆಲುವಿ ಜಾರಿ ಬಿದ್ದಳಂತೆ. ಮಾದಪ್ಪ ಅವಳಿಗೆ ಹಸಿ ಹುಲ್ಲು ತರಲು ಅತ್ತ ಹೋಗಿದ್ದನಂತೆ. ಸುದ್ದಿ ಬಂದು ನಾನು ಹೋಗಿ ತಲುಪಿದಾಗ ಮಳೆ ಹಿಡಿದಿತ್ತು. ಹಿಂಗಾಲು ಕೆಲಸಕ್ಕೆ ಬರುತ್ತಿರಲಿಲ್ಲ. ಹಗ್ಗ ಹಾಕಿ ಎತ್ತಿಸಿದೆವು, ಮರದ ದಿಮ್ಮಿ ಕೊಟ್ಟು ಎತ್ತಿಸಿದೆವು. ಆಗಲಿಲ್ಲ. ನನ್ನ ಪೆಟ್ಟಿಗೆಯಲ್ಲಿದ್ದ ಔಷಧಿಯೆಲ್ಲ ಅವಳ ಮೈಗೆ ಒಂದು ಹನಿ. ಮಾರನೆಯ ದಿನ ಮಧ್ಯಾಹ್ನ, ಮಾದಪ್ಪನ ತೊಡೆಯ ಮೇಲೆ ಸೊಂಡಿಲಿಟ್ಟುಕೊಂಡೇ ಹೋದಳು.

ಸಾವಿಗೆ ಕಾರಣ ನೋಡಿ ಹೇಳಬೇಕೆಂದು ಮಠದವರು ಕೇಳಿದರು, ಕೊಯ್ಯಬೇಕಾಯಿತು. ನೋಡಬೇಕಾದ್ದನ್ನೆಲ್ಲ ನೋಡಿ ಮುಗಿಸಿದ ಮೇಲೂ ಕತ್ತಿ ಕೆಳಗಿಡಲಾಗಲಿಲ್ಲ. ಸೊಂಡಿಲ ತುದಿಯ ಚರ್ಮವನ್ನು ಸೀಳಿದೆ. ಮೇಷ್ಟ್ರು ಬೆಕ್ಕಿನಲ್ಲಿ ತೋರಿಸಿದ್ದೇ, ಇಲ್ಲಿ ದೊಡ್ಡದಾಗಿ: ಸಾಲು ಸಾಲು ಪುಟ್ಟ ಚೀಲಗಳು, ಪ್ರತಿಯೊಂದಕ್ಕೂ ಕೆಳಗಿನಿಂದ ಬಂದು ಸೇರಿದ ಬಿಳಿಯ ಎಳೆ. ಚೀಲದ ನಡುವೆ ಇರಬೇಕಾದ ಕೂದಲು ಮಾತ್ರ ಇರಲಿಲ್ಲ. ಎಳೆಗಳನ್ನು ಹಿಡಿದು ಮೇಲಕ್ಕೆ ಹೋದೆ. ಕಣ್ಣಿನ ಕೆಳಗಿನ ತೂತಿನ ಬಳಿ ಅವೆಲ್ಲ ಕೂಡಿ ನನ್ನ ಹೆಬ್ಬೆರಳಿನಷ್ಟು ದಪ್ಪದ ಒಂದು ನರ. ಪಕ್ಕದಲ್ಲೇ ಕಣ್ಣಿನ ನರ. ಅದು ಇದರ ಮುಂದೆ ಒಂದು ದಾರ. ಚೆಲುವಿ ಯಾವುದರಿಂದ ಲೋಕ ನೋಡುತ್ತಿದ್ದಳು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಮಾದಪ್ಪ ಛತ್ರಿ ಹಿಡಿದುಕೊಂಡು ನಿಂತಿದ್ದ. "ನರ ಕೆಟ್ಟೋಗಿತ್ತಾ ಸಾ?" ಅಂದ.

"ಇಲ್ಲ ಮಾದಪ್ಪ. ನರ ಚೆನ್ನಾಗಿಯೇ ಇತ್ತು."

ಅವನು ಬಗ್ಗಿ ಆ ಬಿಳಿಯ ಎಳೆಗಳನ್ನು ನೋಡಿದ. "ಅಂಗಾರೆ ಅವು ಕಾಯ್ತಾನೇ ಇದ್ವು ಅನ್ನಿ," ಅಂದ.

ನನ್ನ ಜೇಬಿನಲ್ಲಿದ್ದ, ಹೊನ್ನಮ್ಮ ಕೊಟ್ಟ ಕೂದಲನ್ನು ಆ ಚೀಲಗಳ ಸಾಲಿನ ಮೇಲೆಯೇ ಇಟ್ಟೆ. ಅದರ ಜಾಗ ಯಾವುದೆಂದು ಗೊತ್ತಿರಲಿಲ್ಲ. ಮಣ್ಣು ಎಳೆದರು.

ಮಾದಪ್ಪನನ್ನು ಆಮೇಲೆ ನಾನು ನೋಡಲಿಲ್ಲ. ಮುಂದಿನ ವರ್ಷ ನನಗೆ ಬೇರೆ ಊರಿಗೆ ವರ್ಗವಾಯಿತು. ಕಮಲ ಆ ತಾಯಿತವನ್ನು ದೇವರ ಗೂಡಿನಲ್ಲಿಟ್ಟಳು. ಶಾರದೆಗೆ ಅವಳು ಎಷ್ಟು ಹೇಳಿದಳೋ ಅಷ್ಟೇ ಗೊತ್ತು: ಒಂದು ಒಳ್ಳೆಯ ಆನೆ ಇತ್ತು, ಕೂದಲು ಕೊಟ್ಟಿತು, ನೀನು ಉಳಿದೆ. ಅದು ಸುಳ್ಳು ಅಂತ ಹೇಳುವ ಹಕ್ಕು ನನಗೆ ಎಲ್ಲಿಂದ ಬರಬೇಕು?

"ಆಯ್ತಾ ಅಪ್ಪ?" ಒಳಗಿನಿಂದ ಶಾರದೆ ಕೂಗಿದಳು.

ಕೂದಲಿನ ತುದಿಯನ್ನು ಬೆರಳಿನಿಂದ ಸೋಕಿದೆ. ಬುಡ ಅಲುಗಿತು. ಅಷ್ಟು ವರ್ಷವಾದರೂ ಅಲುಗಿತು. ಕೇಳುವವರು ಇರಲಿಲ್ಲ ಅಷ್ಟೆ. ಬುಡ ಕೆಳಗೆ ಮಾಡಿ ತಾಯಿತಕ್ಕೆ ಇಳಿಸಿದೆ, ಮೇಣದ ಬತ್ತಿ ಕರಗಿಸಿ ಬಾಯಿ ಮುಚ್ಚಿದೆ, ಹೊಸ ದಾರ ಪೋಣಿಸಿದೆ. ಒಳಗೆ ಮಗು ಮಲಗಿತ್ತು. ಕತ್ತಿಗೆ ದಾರ ಸುತ್ತುವಾಗ ನಿದ್ದೆಯಲ್ಲೇ ಒಮ್ಮೆ ಬೆಚ್ಚಿ, ಕೈ ಚಾಚಿ, ಏನನ್ನೋ ತಡಕಿ, ನನ್ನ ಬೆರಳು ಸಿಕ್ಕಿದ ಮೇಲೆ ಸುಮ್ಮನಾಯಿತು.

"ಗಂಟು ಗಟ್ಟಿಯಾಗಿ ಹಾಕಪ್ಪ," ಅಂದಳು ಶಾರದೆ.

ಗಟ್ಟಿಯಾಗಿಯೇ ಹಾಕಿದೆ.